ಕಾವಲು ಬಂಡೆಯ ಮಾದಿ ಅಕ್ಕ

ಮಾನ್ಯ ಓದುಗರಲ್ಲಿ ಸವಿನಯವಾಗಿ ವಿಜ್ಞಾಪಿಸಿಕೊಳ್ಳುವುದೇನೆಂದರೆ, ನಾನು ಈ ಮೊದಲು ಯಾವ ಲೇಖನವನ್ನೂ ಬರೆದವಳಲ್ಲ. ಗುಂಡ್ಲುಪೇಟೆ ಕಡೆಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಓದಿ, ಮದುವೆಯಾಗಿ ನೀಲಗಿರಿಗೆ ಬಂದೆ. ಬಂದ ಮೇಲೆ ಕನ್ನಡದಲ್ಲಿ ಬರೆಯುವ ಸಂದರ್ಭವೇ ಒದಗಲಿಲ್ಲ. ಮೇಷ್ಟ್ರು ಕಲಿಸಿದ ಅರ್ಜಿಯ ಮಾದರಿಯೊಂದೇ ನನಗೆ ನೆನಪಿರುವ ಬರವಣಿಗೆಯಾದ್ದರಿಂದ ಅದೇ ರೀತಿಯಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರಗಳು ತಪ್ಪಿದ್ದಲ್ಲಿ, ಇಲ್ಲಿಯ ಚಳಿಗೆ ಬೆರಳು ಮರಗಟ್ಟಿ ಅಕ್ಷರಗಳು ಸೊಟ್ಟಗಾಗಿದ್ದಲ್ಲಿ ದಯಮಾಡಿ ಮನ್ನಿಸಬೇಕು. ವಿಷಯವು ದೊಡ್ಡದು, ಬರೆಯುವ ಕೈ ಚಿಕ್ಕದು.

ವಿಷಯವೇನೆಂದರೆ ಮಾದಿ ಅಕ್ಕ.

ಮಾದಿ ಅಕ್ಕನನ್ನು ನಾವು ಮುಖಕ್ಕಿಂತ ಹೆಚ್ಚಾಗಿ ಬೆನ್ನಿನಿಂದ ಬಲ್ಲೆವು. ಚಹಾ ತೋಟದ ನೆತ್ತಿಯಲ್ಲಿ ಒಂದು ಕರಿ ಬಂಡೆ. ಆ ಬಂಡೆಯ ಮೇಲೆ ಬಿಳಿ ಮುಂಡು ಉಟ್ಟು, ಬಿಳಿ ತಲೆಬಟ್ಟೆ ಕಟ್ಟಿ, ನಮಗೆ ಬೆನ್ನು ಮಾಡಿ ಕಾಡಿನ ಕಡೆ ಮುಖ ಮಾಡಿ ನಿಂತಿರುವ ಗಿಡ್ಡ ಹೆಂಗಸು. ಬಗ್ಗಿ ಎಲೆ ಕೀಳುತ್ತಾ ಸೊಂಟ ನೋಯಿಸಿಕೊಂಡು ನಾವು ತಲೆ ಎತ್ತಿದಾಗಲೆಲ್ಲ ಮೊದಲು ಕಾಣುತ್ತಿದ್ದುದು ಆ ಬೆನ್ನು. ಅದು ಅಲ್ಲಿದೆ ಎಂದು ಕಂಡರೆ ಮತ್ತೆ ಬಗ್ಗುತ್ತಿದ್ದೆವು.

ಇದನ್ನು ಸ್ವಲ್ಪ ವಿವರಿಸಬೇಕಾಗಿದೆ. ನಮ್ಮ ಊರು ಕೂನೂರಿನಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿರುವ, ಬಡಗ ಜನಾಂಗದವರ ಹಟ್ಟಿ. ಮನೆಗಳು ಒಂದೇ ಸಾಲಿನಲ್ಲಿ, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು ನಿಂತಿವೆ. ಊರಿನ ಸುತ್ತ ಒಬ್ಬೊಬ್ಬರಿಗೆ ಒಂದೊಂದು ತುಂಡು ಚಹಾ ತೋಟ. ನನ್ನ ಯಜಮಾನರು ಕ್ಯಾರೆಟ್ ಲಾರಿಯ ಚಾಲಕರು. ಹಟ್ಟಿಯ ಕೊನೆಯಲ್ಲಿ ಬಾಡಿಗೆಗೆ ಇದ್ದೆವು. ಹೆಂಗಸರು ಗುಂಪು ಕಟ್ಟಿಕೊಂಡು ಸರದಿಯಂತೆ ಇವತ್ತು ಒಬ್ಬರ ತೋಟ, ನಾಳೆ ಇನ್ನೊಬ್ಬರ ತೋಟ ಎಂದು ಎಲೆ ಕೀಳುವರು; ಕೂಲಿ ಅವರವರ ಚೀಲದ ತೂಕಕ್ಕೆ. ತೋಟವಿಲ್ಲದ ನಾನೂ ಆ ಗುಂಪಿಗೆ ಸೇರಿದೆ. ತೋಟಗಳು ಮುಗಿಯುವಲ್ಲಿ ಸೋಲೆ, ಅಂದರೆ ಮಲೆಯ ದಟ್ಟ ಕಾಡು ಶುರುವಾಗುತ್ತದೆ. ಆ ಕಾಡಿನಿಂದ ಕಾಟಿಗಳು ಬರುತ್ತವೆ. ಕಾಟಿ ಎಂದರೆ ಕಾಡುಕೋಣ. ಚಹಾ ಗಿಡಗಳ ನಡುವೆ ಅದು ಮಲಗಿದ್ದರೆ ಒಂದು ಕರಿ ಕಲ್ಲಿನಂತೆ ಕಾಣುವುದು. ಕಲ್ಲು ಎದ್ದು ನಿಂತ ಮೇಲೆ ಓಡುವುದಕ್ಕೆ ಜಾಗ ಇರುವುದಿಲ್ಲ.

ಆದ್ದರಿಂದ ನಮ್ಮ ಗುಂಪಿನಲ್ಲಿ ಒಂದು ಪದ್ಧತಿ. ಪ್ರತಿ ತೋಟದಲ್ಲೂ ಒಂದು ಎತ್ತರದ ಬಂಡೆ ಇರುತ್ತದೆ. ದಿನಕ್ಕೊಬ್ಬರು ಅದರ ಮೇಲೆ ಕಾವಲು ನಿಲ್ಲಬೇಕು. ಕಾವಲು ನಿಂತವಳು ಒಂದು ಎಲೆಯನ್ನೂ ಕೀಳಬಾರದು. ಸಂಜೆ ಎಲೆ ತೂಗುವ ಲೀಫ್ ಶೆಡ್ಡಿಗೆ ಹೋಗುವ ಮೊದಲು ನಾವೆಲ್ಲರೂ ನಮ್ಮ ನಮ್ಮ ಚೀಲದಿಂದ ಎರಡು ಕೈ ತುಂಬ ಎಲೆ ತೆಗೆದು ಅವಳ ಚೀಲಕ್ಕೆ ಹಾಕುವೆವು. ಅವಳ ಚೀಲವೂ ನಮ್ಮದರಷ್ಟೇ ತುಂಬುವುದು. ಇದಕ್ಕೆ ಯಾರೂ ಹೆಸರಿಟ್ಟಿಲ್ಲ. "ಕೈ ಹಾಕುವುದು" ಎನ್ನುತ್ತಾರೆ, ಅಷ್ಟೇ. ಈ ಪದ್ಧತಿಯನ್ನು ಶುರು ಮಾಡಿದವರು ಮಾದಿ ಅಕ್ಕ. ಬೇರೆಯವರ ಸರದಿಯ ದಿನವೂ ಅವರಿಗೆ ಜ್ವರ, ಮಗುವಿಗೆ ಹುಷಾರಿಲ್ಲ ಎಂದಾಗ ಬಂಡೆ ಹತ್ತುತ್ತಿದ್ದವರೂ ಅವರೇ.

ಅವರ ಮಾತು ಬಡಗ ಭಾಷೆ. ಕನ್ನಡಕ್ಕೆ ಅಕ್ಕತಂಗಿಯಂತಿದ್ದರೂ ಮೊದಲ ವರ್ಷ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಓದುವವರಿಗೆ ತೊಡಕಾಗಬಾರದೆಂದು ಅವರ ಮಾತನ್ನು ಇಲ್ಲಿ ಕನ್ನಡಕ್ಕೆ ಹತ್ತಿರ ತಂದು ಬರೆದಿದ್ದೇನೆ. 'ಎನ್ನ' ಎಂದಲ್ಲಿ ನನ್ನ ಎಂದೂ, 'ನಂಗ' ಎಂದಲ್ಲಿ ನಮ್ಮ ಎಂದೂ ಓದಿಕೊಳ್ಳಬೇಕು.

ಮಾದಿ ಅಕ್ಕನಿಗೆ ಒಂದು ಗುಣವಿತ್ತು. ಕೆಲವರು ಅದನ್ನು ದೋಷವೆಂದೂ ಕರೆಯುತ್ತಿದ್ದರು. ಯಾರಲ್ಲಿ ತಪ್ಪು ಕಂಡರೂ ಅವರಿಗೇ ಹೇಳುವರು, ಬೇರೆ ಯಾರಿಗೂ ಹೇಳರು. ಹೇಳುವ ಮುಂಚೆ ಎದುರಿನವರ ಬಲಗೈಯನ್ನು ತಮ್ಮ ಎರಡೂ ಕೈಗಳ ನಡುವೆ ಹಿಡಿದುಕೊಳ್ಳುವರು. ಎಲೆ ಕಿತ್ತು ಕಿತ್ತು ಕಪ್ಪಾದ, ಒರಟಾದ, ಬೆಚ್ಚಗಿನ ಕೈಗಳು. ಹಟ್ಟಿಯಲ್ಲಿ ಯಾರದಾದರೂ ಮುಖ ಬಾಡಿದ್ದರೆ "ಏನು, ಮಾದಿ ಕೈ ಹಿಡಿದಳಾ?" ಎಂದು ತಮಾಷೆ ಮಾಡುವುದುಂಟು. ಅವರ ಸಮರ್ಥನೆ ಇಷ್ಟೇ: "ಬೆನ್ನಿಗೆ ಹೇಳಿದ್ರೆ ಚಾಡಿ. ಮುಖಕ್ಕೆ ಹೇಳಿದ್ರೆ ನೆಂಟತನ."

ಅವರ ಭಾವ, ಅಂದರೆ ಗಂಡನ ಅಣ್ಣ, ಲಿಂಗಣ್ಣನವರ ಪ್ರಸಂಗವನ್ನು ಉದಾಹರಣೆಯಾಗಿ ಸಲ್ಲಿಸಬಯಸುತ್ತೇನೆ. ಲಿಂಗಣ್ಣನವರು ನಿವೃತ್ತ ನೌಕರರು, ಹಟ್ಟಿಯಲ್ಲಿ ಗೌರವಸ್ಥರು, ಮದುವೆ ಮಾತುಕತೆಗೆ ಮೊದಲ ಕುರ್ಚಿ ಅವರದು. ಅವರ ಮನೆಯವರು ಅಡುಗೆ ಮನೆಯ ಕಸವನ್ನು, ಹಲಸಿನ ಸಿಪ್ಪೆಯನ್ನು ಹಿತ್ತಲಿನ ಬೇಲಿಯಾಚೆ ಎಸೆಯುವರು. ಆ ವಾಸನೆಗೆ ಕರಡಿ ಹಟ್ಟಿಯೊಳಗೆ ಬರತೊಡಗಿತು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡರು. ಒಂದು ಬೆಳಿಗ್ಗೆ ಮಾದಿ ಅಕ್ಕ ಆ ಸಿಪ್ಪೆಯನ್ನೆಲ್ಲ ಒಂದು ಬಕೆಟ್ಟಿಗೆ ತುಂಬಿಕೊಂಡು ಲಿಂಗಣ್ಣನವರ ಜಗುಲಿಗೆ ಹೋದರು. ಅವರು ಪೇಪರ್ ಓದುತ್ತಿದ್ದರು. ಮಾದಿ ಅಕ್ಕ ತಲೆಬಟ್ಟೆ ಸರಿಮಾಡಿಕೊಂಡು, ಭಾವನ ಎದುರು ನಿಲ್ಲಬೇಕಾದಷ್ಟು ದೂರದಲ್ಲಿ ನಿಂತು, ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟರು.

"ಭಾವ, ನಿಮ್ಮ ಮನೇದು ಬಿದ್ದು ಹೋಗಿತ್ತು. ತಂದು ಕೊಟ್ಟೆ."

"ಇದೇನು ಮಾದಿ, ಕಸ."

"ಹೌದು ಭಾವ. ಕರಡಿಗೆ ದಿನಾ ಊಟ ಹಾಕ್ತಿದ್ದೀರ, ಪುಣ್ಯ ಬರ್ತದೆ. ಆದ್ರೆ ಅದು ಉಂಡು ಹೋಗೋವಾಗ ನಂಗ ಮಕ್ಕಳು ಸ್ಕೂಲಿಗೆ ಹೋಗೋ ದಾರೀಲಿ ಹೋಗ್ತದೆ."

ಲಿಂಗಣ್ಣನವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅನೇಕ ತಿಂಗಳು ತಮ್ಮನ ಮನೆಗೆ ಕಾಲಿಡಲಿಲ್ಲ. ಆದರೆ ಅದೇ ವಾರ ಹಿತ್ತಲಿನಲ್ಲಿ ಗುಂಡಿ ತೋಡಿಸಿ, ಮೇಲೆ ಕಲ್ಲುಚಪ್ಪಡಿ ಹಾಸಿದರು. ಮುಂದೆ ಊರಿನ ಸಭೆಯಲ್ಲಿ "ಎಲ್ಲರೂ ನನ್ನ ಹಾಗೆ ಗುಂಡಿ ತೋಡಬೇಕು, ಇದು ನಾನೇ ಯೋಚನೆ ಮಾಡಿದ್ದು" ಎಂದು ಭಾಷಣವನ್ನೂ ಮಾಡಿದರು. ನಾವು ಮಾದಿ ಅಕ್ಕನ ಮುಖ ನೋಡಿದೆವು. ಅವರು ಎಲ್ಲರಿಗಿಂತ ಮೊದಲು ತಲೆಯಾಡಿಸಿ ಒಪ್ಪಿದರು. "ಗುಂಡಿ ಯಾರದಾದ್ರೇನು, ಕರಡಿ ಬರಬಾರದು" ಎಂದು ಆಮೇಲೆ ನನಗೆ ಹೇಳಿದರು.

ಅವರು ಪರರಿಗೆ ಮಾತ್ರ ಬುದ್ಧಿ ಹೇಳುವವರಾಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ತೋಟದಲ್ಲಿ ಚಹಾ ಕುಡಿಯುವ ಹೊತ್ತಿಗೆ ಆಗಾಗ್ಗೆ "ಎನ್ನದು ಏನಿದೆ, ಹೇಳಿ" ಎಂದು ಕೇಳುವರು. ಯಾರೂ ಹೇಳರು. ಒಮ್ಮೆ ಅವರು ನನ್ನ ಕೈ ಹಿಡಿದು ಎಲ್ಲರೆದುರು, "ನೀನು ಬಗ್ಗಿದ್ರೆ ಮತ್ತೆ ತಲೆ ಎತ್ತಲ್ಲ. ಗಾಣದ ಎತ್ತಿನ ಹಾಗೆ ದುಡೀತೀಯ. ಕಾವಲಿನವಳು ಕೂಗಿದ್ರೂ ಕೇಳಲ್ಲ" ಎಂದರು. ಹೆಂಗಸರು ನಕ್ಕರು. ಹೊಸದಾಗಿ ಬಂದಿದ್ದ ನನಗೆ ಕಣ್ಣಲ್ಲಿ ನೀರು ಬಂತು. ಅವರು ಎಂದಿನಂತೆ "ಎನ್ನದು ಏನಿದೆ?" ಎಂದಾಗ ನಾನು ಧೈರ್ಯ ಮಾಡಿ, "ಅಕ್ಕಾ, ನೀವು ಹೇಳೋದು ಸರಿ. ಆದರೆ ಎಲ್ಲರ ಮುಂದೆ ಹೇಳ್ತೀರಿ. ಹೇಳಿದ್ದು ಕಿವಿಗೆ ಬೀಳೋ ಮೊದಲೇ ನಾಚಿಕೆ ಆಗಿಬಿಡುತ್ತೆ" ಎಂದೆ.

ಎಲ್ಲರೂ ಲೋಟ ಹಿಡಿದುಕೊಂಡೇ ನಿಂತುಬಿಟ್ಟರು. ಮಾದಿ ಅಕ್ಕ, "ಇಷ್ಟು ವರ್ಷ ಇದ್ದ ಒಬ್ಬಳೂ ಹೇಳಲಿಲ್ಲೆ. ಗುಂಡ್ಲುಪೇಟೆಯಿಂದ ಬರಬೇಕಾಯ್ತು" ಎಂದು ಉಳಿದವರನ್ನು ಬೈದರು. ಅಂದಿನಿಂದ ಮೊದಲು ಮನೆಗೆ ಹೋಗಿ ಒಬ್ಬರೇ ಇದ್ದಾಗ ಹೇಳುವುದು, ಆಮೇಲೆ ಅಗತ್ಯವಿದ್ದರೆ ಮಾತ್ರ ಎಲ್ಲರೆದುರು ಎಂಬ ನಿಯಮವನ್ನು ತಮಗೆ ತಾವೇ ಹಾಕಿಕೊಂಡರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಮಾದಿ ಅಕ್ಕನ ಗೆಳತಿ ಗಿರಿಜಕ್ಕ. ಇಬ್ಬರೂ ಒಂದೇ ಹಟ್ಟಿಯಲ್ಲಿ ಹುಟ್ಟಿ, ಒಂದೇ ಹಟ್ಟಿಗೆ ಸೊಸೆಯರಾಗಿ ಬಂದವರು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ಹುಳಿ ಕುದಿಯುವಾಗ ಆ ಕಡೆಯಿಂದ "ಉಪ್ಪು ಹಾಕಿದೆಯೋ ಇಲ್ಲವೋ" ಎಂದು ಕೇಳುವಷ್ಟು ತೆಳು ಗೋಡೆ, ಅಷ್ಟೇ ತೆಳುವಾದ ಸಂಕೋಚ. ಗಿರಿಜಕ್ಕ ಎತ್ತರದ ಆಳು, ಬಿಗುಮಾನದ ಹೆಂಗಸು. ಯಾರ ಮನೆಯಿಂದಲೂ ಒಂದು ಹಿಡಿ ಸಕ್ಕರೆ ಕಡ ತಂದವರಲ್ಲ. ಅವರ ಎಲೆ ಕೀಳುವ ಕೈಯ ವೇಗಕ್ಕೆ ನಮ್ಮಲ್ಲಿ ಸಾಟಿ ಇರಲಿಲ್ಲ.

ಆ ದಿನ ಕಾವಲು ಗಿರಿಜಕ್ಕನದು. ಬೆಳಗಿನಿಂದ ಮಂಜು ಬರುವುದು, ಹೋಗುವುದು ನಡೆದಿತ್ತು. ಕಾಡಿನಂಚಿನ ಸಾಲಿನಲ್ಲಿ ಸರಸು ಕೀಳುತ್ತಿದ್ದಳು. ಸರಸು ಮೆಟ್ಟುಪಾಳ್ಯದ ಕಡೆಯಿಂದ ಮದುವೆಯಾಗಿ ಬಂದ ಹುಡುಗಿ, ತಮಿಳು ಮಾತಾಡುವವಳು, ಗುಂಪಿಗೆ ಹೊಸಬಳು. ಒಂದು ಕೂಗೂ ಇಲ್ಲದೆ, ಸೂಚನೆಯೂ ಇಲ್ಲದೆ ಕಾಟಿ ಅವಳ ಮೇಲೆ ಬಂತು. ನಾವು ಕೇಳಿದ್ದು ಗಿಡಗಳು ಮುರಿಯುವ ಶಬ್ದ ಮಾತ್ರ. ಅದು ಅವಳನ್ನು ಎತ್ತಿ ಎಸೆದು ಇಳಿಜಾರಿನಲ್ಲಿ ಹೋಯಿತು. ತೊಡೆಯ ಮೂಳೆ ಮುರಿಯಿತು, ಜೀವ ಉಳಿಯಿತು.

"ಮಂಜು ಮುಚ್ಚಿತ್ತು. ಏನೂ ಕಾಣಲಿಲ್ಲೆ" ಎಂದರು ಗಿರಿಜಕ್ಕ. ಮಂಜು ಇದ್ದದ್ದು ನಿಜವೇ ಆಗಿದ್ದರಿಂದ ಎಲ್ಲರೂ ನಂಬಿದರು. ಆದರೆ ಹಟ್ಟಿಯ ಮಾತು ಒಂದು ಕಡೆ ನಿಲ್ಲುವುದಿಲ್ಲ. ಕಾವಲಿನವಳು ಬಂಡೆಯ ಮೇಲೇ ಇದ್ದಳಂತೆ, ಸಾಲಿನಲ್ಲಿದ್ದ ಬೇರೆ ಯಾರಿಗೂ ಏನೂ ಆಗಲಿಲ್ಲವಂತೆ. ಹಾಗಾದರೆ ಸರಸುವೇ ಸೌದೆ ಆಸೆಗೆ ಸಾಲು ಬಿಟ್ಟು ಕಾಡಿನೊಳಗೆ ಹೋಗಿರಬೇಕು. ಒಂದು ವಾರದಲ್ಲಿ "ಇರಬೇಕು" ಎಂಬುದು ಬಿದ್ದುಹೋಗಿ "ಹೋಗಿದ್ದಳು" ಎಂದಾಯಿತು. ಅಂಥವಳು ಗುಂಪಿನಲ್ಲಿದ್ದರೆ ಎಲ್ಲರಿಗೂ ಅಪಾಯ, ಇನ್ನು ಸೇರಿಸಿಕೊಳ್ಳುವುದು ಬೇಡ ಎಂದು ಲೀಫ್ ಶೆಡ್ಡಿನಲ್ಲಿ ಮಾತು ಎದ್ದಿತು.

ಮಾದಿ ಅಕ್ಕ ಮತ್ತು ನಾನು ಸರಸುವನ್ನು ನೋಡಲು ಆಸ್ಪತ್ರೆಗೆ ಹೋದೆವು. ಅವಳ ಅತ್ತೆ ಹಾಸಿಗೆಯ ಪಕ್ಕ ಕೂತು, ಅವಳಿಗೆ ಗಂಜಿ ಕುಡಿಸುತ್ತಲೇ ಬೈಯುತ್ತಿದ್ದರು. ಅತ್ತೆ ಪಾತ್ರೆ ತೊಳೆಯಲು ಹೋದಾಗ ಸರಸು ಮಾದಿ ಅಕ್ಕನ ಮುಂಗೈ ಹಿಡಿದಳು.

"ಅಕ್ಕಾ, ನಾನು ಸಾಲು ಬಿಟ್ಟು ಹೋಗಿದ್ದೆನಾ? ಹೋಗಿಲ್ಲ ಅಂತ ನನ್ನ ನೆನಪು. ಆದರೆ ಎಲ್ಲರೂ ಹೋದೆ ಅಂತಾರೆ. ಈಗ ನನಗೇ ಅನುಮಾನ ಬರ್ತಿದೆ."

ಮಾದಿ ಅಕ್ಕ ಅವಳ ಹೊದಿಕೆ ಸರಿಮಾಡಿ ಎದ್ದರು. ಹಟ್ಟಿಗೆ ಬಂದವರು ತಮ್ಮ ಮನೆಯ ಬಾಗಿಲನ್ನು ದಾಟಿ ಪಕ್ಕದ ಬಾಗಿಲಿಗೆ ಹೋದರು. ನಾನು ಹಿಂತಿರುಗಲು ಹೊರಟರೆ, "ನೀನೂ ಬಾ. ನಾನು ಏನು ಹೇಳಿದೆ ಅನ್ನೋದಕ್ಕೆ ಒಬ್ಬಳು ಬೇಕು. ನಾಳೆ ಎನ್ನ ಮಾತೂ ಬೆಳೆದುಬಿಡಬಾರದು" ಎಂದರು.

ಗಿರಿಜಕ್ಕ ಕಾಫಿ ಕೊಟ್ಟರು. ಮಾದಿ ಅಕ್ಕ ಪೂರ್ತಿ ಕುಡಿದು ಲೋಟ ಕೆಳಗಿಟ್ಟು ಗೆಳತಿಯ ಕೈ ಹಿಡಿದುಕೊಂಡರು.

"ಗಿರಿ, ನೀನು ಬಂಡೆ ಮೇಲೆ ಇರಲಿಲ್ಲೆ."

"ಮಂಜು ಇತ್ತು ಮಾದಿ."

"ಮಂಜು ಇತ್ತು. ನೀನು ಇರಲಿಲ್ಲೆ. ಅದು ಬರೋಕೆ ಸ್ವಲ್ಪ ಮುಂಚೆ ಮಂಜು ಸರಿದಿತ್ತು. ನಾನು ತಲೆ ಎತ್ತಿದೆ. ಬಂಡೆ ಖಾಲಿ."

ಗಿರಿಜಕ್ಕ ಕೈ ಬಿಡಿಸಿಕೊಳ್ಳಲು ನೋಡಿದರು. ಮಾದಿ ಅಕ್ಕ ಬಿಡಲಿಲ್ಲ. ಒಲೆಯ ಮೇಲೆ ಏನೋ ಉಕ್ಕಿ ಸೀಯುತ್ತಿತ್ತು. ಕೊನೆಗೆ ಗಿರಿಜಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದರು:

"ಎಲ್ಲರೂ ಬಂದು ಕೈ ಹಾಕ್ತಾರಲ್ಲ, ಅದು ಎನಗೆ ಆಗಲ್ಲ ಮಾದಿ. ಬೇಡಿ ತಿಂದ ಹಾಗೆ ಇರ್ತದೆ. ಬಂಡೆ ಕೆಳಗೇ ಒಳ್ಳೆ ಕುಡಿ ಇತ್ತು. ಇಳಿದು ನಾಕು ಹಿಡಿ ಕಿತ್ತುಕೊಳ್ಳೋಣ ಅಂತ ಇಳಿದೆ. ಅಷ್ಟೇ."

"ನೀನು ಕದಿಯೋಕೆ ಇಳಿದವಳಲ್ಲ. ಎನಗೆ ಗೊತ್ತು."

"ಗೊತ್ತಲ್ಲ. ನಂಗ ಇಬ್ಬರ ನಡುವೆ ಇರಲಿ ಬಿಡು."

"ನಂಗ ಇಬ್ಬರ ನಡುವೆ ಇಟ್ಟರೆ ಸರಸು ಎಲ್ಲಿ ಹೋಗಲಿ ಗಿರಿ? ಅವಳು ಕಾಲು ಮುರಿದುಕೊಂಡು ಮಲಗಿ, ಮಾಡದ ತಪ್ಪನ್ನ ತಲೆಯೊಳಗೆ ಹುಡುಕ್ತಾ ಇದ್ದಾಳೆ."

ಮಾದಿ ಅಕ್ಕನ ಧ್ವನಿ ತೀರ ಮೆತ್ತಗಿತ್ತು. "ನೀನೇ ಹೇಳು. ನಾನು ಜೊತೆಗೆ ನಿಲ್ತೀನಿ. ನೀನು ಹೇಳದಿದ್ರೆ ನಾಳೆ ಸಂಜೆ ಶೆಡ್ಡಿನಲ್ಲಿ ನಾನು ಹೇಳ್ತೀನಿ. ಆದ್ರೆ ನೀನು ಅಲ್ಲಿ ಇದ್ರೆ ಮಾತ್ರ. ನೀನು ಇಲ್ಲದ ಕಡೆ ನಿನ್ನ ಮಾತು ಆಡಲ್ಲ."

"ಹೇಳಿದ್ರೆ ಈ ಹೊಸ್ತಿಲು ಮತ್ತೆ ದಾಟಬೇಡ."

"ಆಯ್ತು" ಎಂದರು ಮಾದಿ ಅಕ್ಕ. ಎದ್ದು, ತಾವು ಕುಡಿದ ಲೋಟವನ್ನು ತಾವೇ ತೊಳೆದು ಮಗುಚಿಟ್ಟು ಹೊರಬಂದರು. ಅಷ್ಟು ವರ್ಷಗಳ ಬಳಕೆಯಲ್ಲಿ ಆ ಮನೆಯ ಲೋಟವನ್ನು ಅವರು ತೊಳೆದದ್ದು ಅದೇ ಮೊದಲು.

ಶೆಡ್ಡಿಗೆ ಗಿರಿಜಕ್ಕ ಬರುವುದಿಲ್ಲವೆಂದು ನಾನು ಎಣಿಸಿದ್ದೆ. ಬಂದರು. ಅವರ ಬಿಗುಮಾನವನ್ನು ನಾನು ಪೂರ್ತಿ ಅಳೆದಿರಲಿಲ್ಲ. ಹೆದರಿ ಮನೆಯಲ್ಲಿ ಕೂರುವುದು ಅವರಿಂದಾಗದು. ಬಂದು ಕಂಬಕ್ಕೆ ಒರಗಿ ನಿಂತು ಬಾಯಿ ಬಿಡಲಿಲ್ಲ. ಎಲೆಯ ಲಾರಿ ಬರುವುದು ತಡವಾಗಿತ್ತು. ಮಾದಿ ಅಕ್ಕ ತಮ್ಮ ಚೀಲದ ಪಕ್ಕದಿಂದ ಎದ್ದರು.

"ಎಲ್ಲರೂ ಕೇಳಿ. ಸರಸು ಸಾಲು ಬಿಡಲಿಲ್ಲೆ. ಅವಳು ಇರಬೇಕಾದ ಕಡೆ ಇದ್ದಳು. ಮಾಡಬೇಕಾದ್ದು ಮಾಡದೆ ಇದ್ದವರು ಇಬ್ಬರು. ಗಿರಿಜೆ ಬಂಡೆಯಿಂದ ಇಳಿದಿದ್ದಳು. ಬಂಡೆ ಖಾಲಿ ಇದ್ದದ್ದು ನಾನು ಕಂಡೆ. ತಲೆಬಟ್ಟೆ ಕಟ್ಟಿಕೊಳ್ಳೋಕೆ ಹಿಂದೆ ಹೋಗಿರ್ತಾಳೆ, ಎನ್ನ ಗೆಳತಿ ತಪ್ಪು ಮಾಡಲ್ಲ ಅಂದುಕೊಂಡು ಕೂಗದೆ ಮತ್ತೆ ಬಗ್ಗಿದೆ. ಅವಳದು ಒಂದು, ಎನ್ನದು ಒಂದು. ಸರಸುದು ಯಾವುದೂ ಇಲ್ಲೆ."

ಎಲ್ಲರೂ ಗಿರಿಜಕ್ಕನ ಕಡೆ ತಿರುಗಿದರು. "ಹೌದು" ಎಂದರು ಗಿರಿಜಕ್ಕ. ಚೀಲವನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಆಶ್ಚರ್ಯದ ಸಂಗತಿಯೆಂದರೆ, ಸಿಟ್ಟು ಬಂದದ್ದು ಮಾದಿ ಅಕ್ಕನ ಮೇಲೆ. ಒಡಹುಟ್ಟಿದಂತಿದ್ದವಳನ್ನು ಬೀದಿಗೆ ಎಳೆದಳು, ಕಾಟಿಯಾದರೂ ಮುಂದಿನಿಂದ ಹಾಯುತ್ತದೆ ಎಂದರು. ಸರಸುವನ್ನು ಗುಂಪಿನಿಂದ ಬಿಡುವ ಮಾತೇನೋ ನಿಂತಿತು. ಆದರೆ ಮುಂದಿನ ಸಲ ಮಾದಿ ಅಕ್ಕ ಕಾವಲು ನಿಂತ ದಿನ, ಸಂಜೆ ಅವರ ಚೀಲದ ಬಳಿಗೆ ಬಂದು ಕೈ ಹಾಕಿದವಳು ನಾನೊಬ್ಬಳೇ. ಉಳಿದವರು ನೋಡದವರಂತೆ ಮುಂದೆ ನಡೆದರು. ಅವರ ಚೀಲವು ತಳದಲ್ಲಿ ಎರಡು ಹಿಡಿ ಎಲೆ ಇಟ್ಟುಕೊಂಡು ಜೋತುಬಿದ್ದಿತ್ತು. ಅದನ್ನೇ ಹೆಗಲಿಗೆ ಹಾಕಿಕೊಂಡು, ತುಂಬಿದ ಚೀಲ ಹೊತ್ತವರ ಹಾಗೆಯೇ ನೆಟ್ಟಗೆ, ಎಲ್ಲರ ಮುಂದೆ ಶೆಡ್ಡಿಗೆ ನಡೆದರು. ಮರುದಿನದ ಸರದಿಯವಳು ಬರಲಿಲ್ಲ. ಅಂದೂ ಅವರೇ ಬಂಡೆ ಹತ್ತಿದರು.

"ಖಾಲಿ ಚೀಲಕ್ಕೆ ಯಾಕಕ್ಕಾ ನಿಲ್ತೀರಿ?" ಎಂದು ಕೇಳಿದೆ.

"ಚೀಲಕ್ಕೆ ನಿಂತಿದ್ರೆ ಇಳಿದುಬಿಡಬಹುದಿತ್ತು" ಎಂದರು.

ಮೊದಲು ಬದಲಾದವರು ಗಿರಿಜಕ್ಕನೇ ಎಂಬುದನ್ನು ಇಲ್ಲಿ ದಾಖಲಿಸಬೇಕು. ಯಾರಿಗೂ ಹೇಳದೆ ಅವರು ಆಸ್ಪತ್ರೆಗೆ ಹೋಗಿ, ಸರಸುವಿನ ಅತ್ತೆಯ ಎದುರೇ ಸರಸುವಿಗೆ ನಡೆದದ್ದನ್ನು ಹೇಳಿದರಂತೆ. ಸರಸು ಮನೆಗೆ ಬಂದ ಮೇಲೆ ಅವಳ ಮನೆಯ ನೀರು, ಅವಳ ತೋಟದ ಎಲೆ ಎಲ್ಲವನ್ನೂ ತಿಂಗಳುಗಟ್ಟಲೆ ನೋಡಿಕೊಂಡರು. ಇದನ್ನು ಕಂಡು ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಮಾದಿ ಅಕ್ಕನ ಚೀಲಕ್ಕೆ ಕೈ ಹಾಕತೊಡಗಿದರು. ಆದರೆ ಗಿರಿಜಕ್ಕ ಮಾದಿ ಅಕ್ಕನೊಡನೆ ಮಾತಾಡಲಿಲ್ಲ. "ತಪ್ಪು ಒಪ್ಪಿದ್ದೀನಿ. ಅವಳನ್ನ ಒಪ್ಪಿಲ್ಲ" ಎಂದರು, ನಾನು ಸಂಧಾನಕ್ಕೆ ಹೋದಾಗ.

ಹೀಗೆ ವರ್ಷಗಳು ಕಳೆದವು. ಒಂದೇ ತೋಟ, ಒಂದೇ ಶೆಡ್ಡು, ನಡುವೆ ಒಂದೇ ಗೋಡೆ, ಮಾತಿಲ್ಲ. ಗಿರಿಜಕ್ಕನ ಮಗಳ ಮದುವೆಗೆ ಮಾದಿ ಅಕ್ಕನಿಗೆ ಕರೆ ಬಂತು, ಊರ ಹಿರಿಯರ ಬಾಯಲ್ಲಿ. ಮಾದಿ ಅಕ್ಕ ಹೋಗಿ ಹೆಂಗಸರ ಸಾಲಿನ ಕೊನೆಯಲ್ಲಿ ಕೂತು ಉಂಡು ಬಂದರು.

"ನಿಮಗೆ ಬೇಸರ ಇಲ್ಲವಾ ಅಕ್ಕಾ?" ಎಂದು ಒಮ್ಮೆ ಕೇಳಿದೆ.

"ಇಲ್ಲದೆ ಏನು. ಗೋಡೆ ಆ ಕಡೆ ಅವಳು ಕೆಮ್ಮಿದ್ರೆ ಈ ಕಡೆ ನಾನು ಎದ್ದು ಕೂರ್ತೀನಿ."

"ಹಾಗಾದರೆ ಹೋಗಿ ಒಂದು ಮಾತು ಹೇಳಬಾರದಾ?"

"ಏನು ಹೇಳಲಿ? ತಪ್ಪಾಯ್ತು ಅನ್ನಲಾ? ಆಗಿಲ್ಲವಲ್ಲ." ಮತ್ತೆ ಹೇಳಿದರು: "ಅವಳು ಇಲ್ಲದೆ ಇರೋದು ಕಷ್ಟ. ಅವಳ ತಪ್ಪನ್ನ ಮುಚ್ಚಿಟ್ಟುಕೊಂಡು ಅವಳ ಜೊತೆ ಇದ್ದಿದ್ರೆ, ಅದೂ ಅವಳಿಲ್ಲದೆ ಇದ್ದ ಹಾಗೇ."

ಕಳೆದ ಕೆಲವು ವರ್ಷಗಳಲ್ಲಿ ಮಾದಿ ಅಕ್ಕನ ಕೂಗು ತಪ್ಪತೊಡಗಿತು. ಒಂದು ದಿನ ಅವರು ಕೂಗಿದರೆಂದು ನಾವೆಲ್ಲ ಚೀಲ ಬಿಟ್ಟು ಓಡಿದೆವು. ನೋಡಿದರೆ ಹಟ್ಟಿಯವರದೇ ಎಮ್ಮೆ. ಎಲ್ಲರೂ ನಕ್ಕೆವು, ಅವರೂ ನಕ್ಕರು. ಇನ್ನೊಂದು ದಿನ ಅವರು ಸುಮ್ಮನೆ ನಿಂತಿದ್ದಾಗಲೇ, ಕೋಲೂರಿಕೊಂಡು ಮತ್ತೆ ಕೆಲಸಕ್ಕೆ ಬಂದಿದ್ದ ಸರಸು ಕೆಳಗಿನಿಂದ ಕೂಗಿದಳು; ಕಾಡಿನಂಚಿನಲ್ಲಿ ಎರಡು ಕಾಟಿಗಳಿದ್ದವು. ಅಂದು ಯಾರೂ ನಗಲಿಲ್ಲ. ಯಾರೂ ಏನನ್ನೂ ಹೇಳಲೂ ಇಲ್ಲ. ಈ ಪದ್ಧತಿಯನ್ನು ಹುಟ್ಟುಹಾಕಿದವರಿಗೆ, ಖಾಲಿ ಚೀಲ ಹೊತ್ತು ನಿಂತವರಿಗೆ ಬಂಡೆಯಿಂದ ಇಳಿಯಿರಿ ಎನ್ನುವ ಬಾಯಿ ಯಾರಿಗಿದೆ? ಮರುದಿನ ಬೆಳಿಗ್ಗೆ ಅವರು ಮತ್ತೆ ಬಂಡೆ ಹತ್ತಿದರು.

ಗಿರಿಜಕ್ಕ ತಮ್ಮ ಸಾಲಿನಿಂದ ಹೊರಬಂದು ಚೀಲವನ್ನು ಗಿಡದ ಮೇಲಿಟ್ಟರು. ಮಾದಿ ಅಕ್ಕನ ಸೊಸೆಯ ಕಿವಿಯಲ್ಲಿ ಏನೋ ಹೇಳಿ ಅವಳನ್ನು ಕಾಡಿನ ಕಡೆಯ ಸಿಲ್ವರ್ ಮರದ ಕೆಳಗೆ ಕಳಿಸಿದರು. ಆಮೇಲೆ ಬಂಡೆ ಹತ್ತಿ ಮಾದಿ ಅಕ್ಕನ ಪಕ್ಕದಲ್ಲಿ ನಿಂತರು. ನಮ್ಮ ಕೈಗಳು ಗಿಡದ ಮೇಲೆಯೇ ನಿಂತವು. ಆ ಎತ್ತರದಲ್ಲಿ ಆಡಿದ ಮಾತು ತೋಟಕ್ಕೆಲ್ಲ ಕೇಳುತ್ತದೆ.

"ಮಾದಿ, ಆ ಮರದ ಕೆಳಗೆ ಏನಿದೆ ಹೇಳು."

ಮಾದಿ ಅಕ್ಕ ತಿರುಗಿ ಗೆಳತಿಯನ್ನು ನೋಡಿದರು. ಆಮೇಲೆ ಮರದ ಕಡೆ ನೋಡಿದರು. ಬಹಳ ಹೊತ್ತು ನೋಡಿದರು.

"ಏನೂ ಇಲ್ಲೆ."

"ನಿನ್ನ ಸೊಸೆ ನಿಂತಿದ್ದಾಳೆ. ಕೆಂಪು ಸ್ವೆಟರ್ ಹಾಕಿಕೊಂಡು."

ಮಾದಿ ಅಕ್ಕ ಮತ್ತೆ ನೋಡಿದರು. ಸೊಸೆ ಅಲ್ಲಿಂದ ಕೈ ಬೀಸಿದಳು. ಅದು ಅವರಿಗೆ ಕಾಣಲಿಲ್ಲ.

"ನಿನ್ನ ಕಣ್ಣು ಹೋಗಿದೆ ಮಾದಿ. ಅದು ನಿನಗೂ ಗೊತ್ತು. ಇಲ್ಲಿರೋ ಎಲ್ಲರಿಗೂ ಗೊತ್ತು. ಇಳಿ."

ಯಾವ ಪೀಠಿಕೆಯೂ ಇಲ್ಲ, ವರ್ಷಗಳ ಮೌನಕ್ಕೆ ಒಂದು ಸಮಾಧಾನದ ಮಾತೂ ಇಲ್ಲ. ಮಾದಿ ಅಕ್ಕನಿಗೆ ಸಿಟ್ಟು ಬರಬಹುದೆಂದು ನಾನು ಹೆದರಿದೆ. ಅವರು, "ಎನಗೆ ಒಪ್ಪಿಕೊಳ್ಳೋಕೆ ಆಗಿರಲಿಲ್ಲೆ ಗಿರಿ" ಎಂದರು. ಆಮೇಲೆ, "ಮೆಟ್ಟಿಲೂ ಸರಿಯಾಗಿ ಕಾಣಲ್ಲ. ಹಿಡ್ಕೋ" ಎಂದು ಕೈ ಚಾಚಿದರು. ಗಿರಿಜಕ್ಕ ಬೈಯುತ್ತಲೇ ಅವರನ್ನು ಹಿಡಿದು ಇಳಿಸಿದರು. ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಬೈದರು. ಕೆಳಗೆ ಬಂದು ನಮ್ಮನ್ನೂ ಬೈದರು. "ಒಬ್ಬಳಿಗಾದ್ರೂ ಇವಳ ಮೇಲೆ ಪ್ರೀತಿ ಇಲ್ಲವಾ? ಹಬ್ಬಕ್ಕೆ ಕಾಲು ಮುಟ್ಟೋಕೆ ಮಾತ್ರ ಅಕ್ಕನಾ ಇವಳು?" ಎಂದರು. ಅಂದಿನಿಂದ ಬಂಡೆ ಸರಸುವಿನದು. ಇಳಿಜಾರಿನಲ್ಲಿ ನಡೆಯಲು ಅವಳಿಗೆ ಕಷ್ಟ, ನಿಲ್ಲಲು ಕಷ್ಟವಿಲ್ಲ.

ನಾನು ಮಾದಿ ಅಕ್ಕನನ್ನು ಕೊನೆಯ ಸಲ ಕಂಡದ್ದು ಕಳೆದ ಮಳೆಗಾಲದ ಮೊದಲು, ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಯಮತ್ತೂರಿಗೆ ಹೊರಡುವ ಹಿಂದಿನ ದಿನ. ಜಗುಲಿಯಲ್ಲಿ ಬಿಸಿಲಿಗೆ ಕೂತಿದ್ದರು. ಒಳಗೆ ಗಿರಿಜಕ್ಕ ಅವರ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಾ, "ಈ ಮುಂಡು ಬೇಡ, ಮಾಸಿದೆ" ಎಂದು ಜಗಳವಾಡುತ್ತಿದ್ದರು. ಮಾದಿ ಅಕ್ಕ ಸದ್ದಿನಿಂದಲೇ ನನ್ನನ್ನು ಗುರುತಿಸಿ ಪಕ್ಕಕ್ಕೆ ಕೂರಿಸಿಕೊಂಡು, ಒಳಗಿನವರಿಗೆ ಕೇಳಿಸದಂತೆ, ಮದುವೆಯಾದ ಮಗಳ ಸುದ್ದಿ ಹೇಳುವ ತಾಯಿಯ ಸಂಭ್ರಮದಲ್ಲಿ ಹೇಳಿದರು:

"ಕಂಡೆಯಾ, ಎನ್ನ ಮುಖಕ್ಕೇ ಹೇಳಿದಳು. ಇಡೀ ತೋಟ ಕೇಳೋ ಹಾಗೆ. ನೀವೆಲ್ಲ ಎನ್ನ ಮರ್ಯಾದೆ ನೋಡಿದಿರಿ. ಅವಳೊಬ್ಬಳು ಎನ್ನ ಕಣ್ಣು ನೋಡಿದಳು. ಅಂಥ ಗೆಳತಿ ಯಾರಿಗಿದ್ದಾಳೆ ಈ ಹಟ್ಟಿಯಲ್ಲಿ, ಹೇಳು."

ಯಾರಿಗೂ ಇಲ್ಲವೆಂದೆ. ಅದು ನಿಜವೂ ಆಗಿತ್ತು. ಅವರು ಕೊಯಮತ್ತೂರಿನಿಂದ ಹಿಂತಿರುಗಲಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ಹೃದಯ ನಿಂತಿತು. ಜೊತೆಗೆ ಹೋಗಿದ್ದವರು ಗಿರಿಜಕ್ಕ. ಮಾದಿ ಅಕ್ಕನನ್ನು ಮನೆಗೆ ಕರೆತಂದವರೂ ಅವರೇ.

ಇದು ನನಗೆ ತಿಳಿದಿರುವಷ್ಟು ವಿಷಯ. ಇದರಲ್ಲಿ ಕಾಗುಣಿತವೋ, ವಾಕ್ಯವೋ, ನಾನು ಕಂಡದ್ದೋ ತಪ್ಪಿರುವುದು ತಮ್ಮ ಗಮನಕ್ಕೆ ಬಂದಲ್ಲಿ, ಹೊಸಬಳು, ನೊಂದುಕೊಂಡಾಳು ಎಂದು ದಯವಿಟ್ಟು ಸುಮ್ಮನಿರಬಾರದು. ನೇರವಾಗಿ ನನಗೇ ತಿಳಿಸಿ ತಿದ್ದಬೇಕಾಗಿ ವಿನಂತಿ. ನಾನು ಅದನ್ನು ನೆಂಟತನವೆಂದೇ ತಿಳಿಯುವೆನು.